ನಮ್ಮ ಮನೆಯ ನೀರು ಎಲ್ಲಿಗೆ ಹೋಗುತ್ತೆ? – ಪರಿಸರದ ಮೊದಲ ಪಾಠ

ಇವತ್ತು ಯೌವನಸ್ಥರ ಅಧ್ಯಯನದಲ್ಲಿ ಪರಿಸರ ವಿಜ್ಞಾನದ ಮೊದಲ ಪಾಠ ನೋಡೋಣ. ದೊಡ್ಡ ದೊಡ್ಡ ಮಾತು ಬೇಡ, ಒಂದೇ ಪ್ರಶ್ನೆ ಸಾಕು. ಬೆಳಿಗ್ಗೆ ಬಟ್ಟೆ ಒಗೆದ ನೀರನ್ನ ಬಚ್ಚಲಿಗೆ ಬಿಟ್ಟಿರಿ. ಅದು ಎಲ್ಲಿಗೆ ಹೋಯಿತು? "ಮೋರಿಗೆ" ಅಂತೀವಿ. ಮೋರಿಯಿಂದ ಮುಂದಕ್ಕೆ? ಅಲ್ಲಿಗೆ ನಮ್ಮ ಉತ್ತರ ನಿಂತುಹೋಗುತ್ತೆ. ಪರಿಸರ ವಿಜ್ಞಾನ ಅಲ್ಲಿಂದಲೇ ಶುರುವಾಗುತ್ತೆ.

1. ಯಾವುದೂ ಮಾಯ ಆಗೋದಿಲ್ಲ

ನೀರು ಆವಿಯಾಗುತ್ತದೆ, ಮೋಡವಾಗುತ್ತದೆ, ಮಳೆಯಾಗಿ ಇಳಿಯುತ್ತದೆ, ಮತ್ತೆ ಹರಿಯುತ್ತದೆ. ಇದನ್ನ ಶಾಲೆಯಲ್ಲೇ ಓದಿದ್ದೀವಿ. ಆದರೆ ಒಂದು ಮಾತು ಗಮನಿಸಿ. ನೀರು ಆವಿಯಾಗಿ ಮೇಲೆ ಹೋಗುವಾಗ ಸೋಪಿನ ಪುಡಿ ಅದರ ಜೊತೆ ಹೋಗೋದಿಲ್ಲ, ಅದು ಕೆಳಗೇ ಉಳಿಯುತ್ತೆ. ನಾವು "ಬಿಸಾಕಿದೆ" ಅಂದಾಗ ನಿಜವಾಗಿ ಆಗೋದು ಇಷ್ಟೇ: ವಸ್ತು ಜಾಗ ಬದಲಾಯಿಸುತ್ತೆ, ಇಲ್ಲವೇ ರೂಪ ಬದಲಾಯಿಸುತ್ತೆ.

2. ಬೆಂಗಳೂರಿಗೆ ನೀರು ಬರುವ ದಾರಿ, ಹೋಗುವ ದಾರಿ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರು. ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಅದಕ್ಕೇ ಹಿಂದಿನವರು ಕೆರೆಗಳನ್ನ ಸರಪಳಿಯ ಹಾಗೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು.

ಈಗ ಕಾವೇರಿ ನೀರು ಬರುತ್ತದೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ, ಕರೆಂಟಿನ ಬಲದಲ್ಲಿ ಮೇಲಕ್ಕೆ ಎತ್ತಿ ತರ್ತಾರೆ. ದಿನಕ್ಕೆ ಸುಮಾರು 145 ಕೋಟಿ ಲೀಟರ್ ಬರುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದಲ್ಲಿ ಇನ್ನೂ 77.5 ಕೋಟಿ ಲೀಟರ್ ತರುವ ಯೋಜನೆ. ಎಲ್ಲರೂ ಸಂತೋಷಪಟ್ಟೆವು, ಸರಿ. ಆದರೆ ಎಂಜಿನಿಯರುಗಳ ಲೆಕ್ಕ ಒಂದಿದೆ: ಮನೆಗೆ ಬಂದ 100 ಲೀಟರಿನಲ್ಲಿ ಸುಮಾರು 80 ಲೀಟರ್ ಕೊಳಚೆಯಾಗಿ ಹೊರಗೆ ಹೋಗುತ್ತೆ. ಅಂದರೆ ನಲ್ಲಿ ನೀರು ಹೆಚ್ಚಾದ ಹಾಗೆ ಮೋರಿ ನೀರೂ ಹೆಚ್ಚಾಗುತ್ತೆ. ಅದೂ ತಗ್ಗಿಗೇ ಹರಿಯಬೇಕು. ಮಳೆ ನೀರಿಗಾಗಿ ಮಾಡಿದ್ದ ದಾರಿಯಲ್ಲೇ ಕೊಳಚೆ ಇಳಿಯಿತು.

3. ಬೆಳ್ಳಂದೂರು ಕೆರೆಯಲ್ಲಿ ಏನಾಯಿತು?

ಬೆಳ್ಳಂದೂರು ಬೆಂಗಳೂರಿನ ಅತಿ ದೊಡ್ಡ ಕೆರೆ, ಸುಮಾರು 900 ಎಕರೆ. ನಗರದ ಕೊಳಚೆಯ ದೊಡ್ಡ ಪಾಲು ವರ್ಷಗಟ್ಟಲೆ ಅಲ್ಲಿಗೆ ಸೇರಿತು. ಹಂತ ಹಂತವಾಗಿ ನೋಡೋಣ.

ಕೊಳಚೆಯಲ್ಲಿ ಸಾರಜನಕ, ರಂಜಕ ಇರುತ್ತವೆ. ಹೊಲಕ್ಕೆ ಹಾಕುವ ಗೊಬ್ಬರದಲ್ಲಿ ಇರೋದೂ ಇವೇ. ಅಂದರೆ ಕೆರೆಗೆ ದಿನವೂ ಗೊಬ್ಬರ ಸುರಿದ ಹಾಗೆ. ಪಾಚಿ, ಜಲಕಳೆ ಹಬ್ಬಿ ನೀರನ್ನ ಮುಚ್ಚುತ್ತೆ, ಬಿಸಿಲು ಕೆಳಗೆ ಇಳಿಯೋದಿಲ್ಲ. ಕಳೆ ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾಗಳು ನೀರಲ್ಲಿ ಕರಗಿರುವ ಆಮ್ಲಜನಕವನ್ನ ತಿಂದು ಮುಗಿಸುತ್ತವೆ. ಮೀನು ಬದುಕಬೇಕಾದರೆ ಒಂದು ಲೀಟರ್ ನೀರಿನಲ್ಲಿ ಸುಮಾರು 4 ಮಿಲಿಗ್ರಾಂ ಆದರೂ ಆಮ್ಲಜನಕ ಬೇಕು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದ್ದು ನಿಮಗೆ ನೆನಪಿರಬಹುದು.

ಆಮ್ಲಜನಕ ಇಲ್ಲದ ಕೆಸರಿನಲ್ಲಿ ಕೊಳೆಯುವುದು ನಿಲ್ಲೋದಿಲ್ಲ, ಬೇರೆ ಬ್ಯಾಕ್ಟೀರಿಯಾಗಳು ಆ ಕೆಲಸ ಹಿಡಿಯುತ್ತವೆ. ಆಗ ಮೀಥೇನ್ ಅನಿಲ ಹೊರಡುತ್ತೆ. ಗೋಬರ್ ಗ್ಯಾಸ್ ಒಲೆ ಉರಿಯೋದು ಇದರಿಂದಲೇ.

ಇನ್ನು ಸೋಪಿನ ಪುಡಿ. ಬಟ್ಟೆಯ ಜಿಡ್ಡು ಬಿಡಿಸುವ ರಾಸಾಯನಿಕ ಕೆರೆಯ ನೀರಲ್ಲೂ ಕೆಸರಲ್ಲೂ ಸೇರಿಕೊಂಡಿರುತ್ತೆ. ಜೋರು ಮಳೆ ಬಂದು ಕೆಸರು ಕದಡಿ, ನೀರು ಕೋಡಿಯಿಂದ ಧುಮುಕುವಾಗ ಗಾಳಿ ಬೆರೆಯುತ್ತೆ, ನೊರೆ ಏಳುತ್ತೆ. ಬಕೆಟ್‌ನಲ್ಲಿ ನಾವು ಕೈಯಾಡಿಸಿದಾಗ ಆಗೋದೇ ಅಲ್ಲಿ ಊರಗಲ ಆಯಿತು. ನೊರೆ ರಸ್ತೆಗೆ ಹಾರಿ ಬಂತು. 2015ರಲ್ಲಿ ನೊರೆಗೇ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ ಬೆಂಕಿ. 2018ರ ಜನವರಿಯಲ್ಲಿ ಒಣಗಿದ ಹುಲ್ಲು, ಕಳೆ ಹೊತ್ತಿಕೊಂಡು ಗಂಟೆಗಟ್ಟಲೆ ಉರಿಯಿತು. ಆರಿಸೋಕೆ ಸೈನಿಕರು ಬರಬೇಕಾಯಿತು. ಕೆರೆಗೆ ಬೆಂಕಿ! ಯೋಚನೆ ಮಾಡಿ.

4. ಕೆಳಗೆ ಯಾರಿದ್ದಾರೆ?

ಬೆಳ್ಳಂದೂರಿನಿಂದ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ, ಮುಂದೆ ತಮಿಳುನಾಡಿನ ಹೊಸೂರು ಹತ್ತಿರದ ಕೆಲವರಪಳ್ಳಿ ಅಣೆಕಟ್ಟೆಗೆ ಹೋಗುತ್ತೆ. ಅಲ್ಲಿನ ರೈತರು ಆ ನೀರಲ್ಲೇ ಬೆಳೆ ಬೆಳೆಯಬೇಕು. ಅಲ್ಲೂ ನೊರೆ ಕಂಡಿದೆ.

ಇನ್ನೊಂದು ದಾರಿ ಕೋಲಾರಕ್ಕೆ. ಅದು ಮಳೆ ಕಡಿಮೆ ಇರುವ ಜಿಲ್ಲೆ. 2018ರ ಜೂನ್‌ನಿಂದ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧಮಾಡಿ ಅಲ್ಲಿನ ಕೆರೆಗಳಿಗೆ ಕಳಿಸಲು ಶುರುಮಾಡಿದರು. ಒಳ್ಳೆಯ ಯೋಚನೆಯೇ. ಬತ್ತಿದ ಕೆರೆಗಳಿಗೆ ನೀರು ಬಂತು. ಆದರೆ ಮುಂದಿನ ತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು, ವಿಷಯ ಹೈಕೋರ್ಟ್ ತನಕ ಹೋಯಿತು. ಪೂರ್ತಿ ಶುದ್ಧವಾಗಿ ಕಳಿಸಿದರೆ ಅದು ಉಪಕಾರ, ಅರೆಬರೆ ಮಾಡಿ ಕಳಿಸಿದರೆ ನಮ್ಮ ಮನೆಯ ಕೊಳೆಯನ್ನ ಇನ್ನೊಬ್ಬರ ಬಾವಿಗೆ ಇಳಿಸಿದ ಹಾಗೆ.

ನೆರೆಯವನು ಯಾರು ಅನ್ನೋ ಪ್ರಶ್ನೆ ಇಲ್ಲಿ ಕುಳಿತಿರುವ ಎಲ್ಲರಿಗೂ ಗೊತ್ತು. ಪರಿಸರ ವಿಜ್ಞಾನ ಕೊಡುವ ಉತ್ತರ ಇದು: ನಮ್ಮ ನೀರು ಇಳಿದು ಹೋಗುವ ಕಡೆ ಯಾರಿದ್ದಾರೋ ಅವರೂ ನಮ್ಮ ನೆರೆಯವರೇ. ನಮ್ಮ ಮುಖ ಅವರು ನೋಡಿಲ್ಲ, ಅವರ ಮುಖ ನಾವು ನೋಡಿಲ್ಲ. ಆದರೆ ನಮ್ಮ ಬಚ್ಚಲು ಅವರ ಹೊಲಕ್ಕೆ ಸೇರಿದೆ.

5. ನಾವು ಏನು ಮಾಡಬಹುದು?

ಒಂದು, ಪುಡಿ ಕಡಿಮೆ ಹಾಕಿ. ನೊರೆ ಜಾಸ್ತಿ ಬಂದರೆ ಬಟ್ಟೆ ಜಾಸ್ತಿ ಶುದ್ಧ ಅನ್ನೋದು ತಪ್ಪು ತಿಳುವಳಿಕೆ.

ಎರಡು, ಕರಿದ ಎಣ್ಣೆ, ಉಳಿದ ಸಾರು ಸಿಂಕಿಗೆ ಸುರಿಯಬೇಡಿ. ಪ್ರೀತಿ ಭೋಜನದ ದಿನ ನಮ್ಮ ದೊಡ್ಡ ಪಾತ್ರೆಗಳನ್ನ ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯೋಣ.

ಮೂರು, ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ನಿಮ್ಮ ಕಟ್ಟಡದ ಕೊಳಚೆ ಶುದ್ಧೀಕರಣ ಘಟಕ ನಿಜವಾಗಿ ಓಡ್ತಾ ಇದೆಯಾ ಕೇಳಿ. ಕರೆಂಟ್ ಬಿಲ್ ಉಳಿಸೋಕೆ ಅದನ್ನ ನಿಲ್ಲಿಸಿದರೆ, ಆ ಉಳಿತಾಯದ ಬೆಲೆ ಕೆಳಗಿನ ಊರಿನವರು ಕಟ್ಟುತ್ತಾರೆ.

ನಾಲ್ಕು, ಇದು ಮನೆ ಮನೆಯಿಂದ ಮಾತ್ರ ಮುಗಿಯುವ ಕೆಲಸ ಅಲ್ಲ. ಒಳಚರಂಡಿ, ಶುದ್ಧೀಕರಣ ಘಟಕ ಸರ್ಕಾರ ಕಟ್ಟಬೇಕು, ನಡೆಸಬೇಕು. ವೋಟು ಕೇಳೋಕೆ ಬಂದವರು "ನೀರು ಕೊಡಿಸ್ತೀವಿ" ಅಂದಾಗ, "ಆ ನೀರು ಆಮೇಲೆ ಎಲ್ಲಿಗೆ ಕಳಿಸ್ತೀರಿ?" ಅಂತ ಕೇಳುವವರು ನಮ್ಮಲ್ಲಿ ಇರಲಿ.

ಈ ವಾರದ ಕೆಲಸ: ನಿಮ್ಮ ಬೀದಿಯ ಮೋರಿ ಯಾವ ರಾಜಕಾಲುವೆಗೆ, ಯಾವ ಕೆರೆಗೆ ಸೇರುತ್ತೆ ಅಂತ ವಿಚಾರಿಸಿ ಬರೆದುಕೊಂಡು ಬನ್ನಿ. ಮನೆಯಲ್ಲಿ ಹಿರಿಯರನ್ನ ಕೇಳಿ, ಅವರಿಗೆ ಹಳೇ ಕೆರೆಗಳ ಹೆಸರು ಗೊತ್ತಿರುತ್ತೆ. ಮುಂದಿನ ಭಾನುವಾರ ಎಲ್ಲರದ್ದೂ ಸೇರಿಸಿ ಒಂದೇ ನಕ್ಷೆ ಬರೆಯೋಣ. ದೇವರು ನಿಮ್ಮನ್ನು ಆಶೀರ್ವದಿಸಲಿ.