ಗಾಳಿಯ ಕೋಟೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜಾತ್ರೆಯ ಬಯಲುಗಳಲ್ಲಿ ತಿರುಗುವ ತೊಟ್ಟಿಲು, ಬೆಂಡು ಬತ್ತಾಸುಗಳ ಅಂಗಡಿಗಳ ನಡುವೆ ಈಗ ಗಾಳಿ ತುಂಬಿದ ಬಣ್ಣಬಣ್ಣದ ಕೋಟೆಗಳೂ ತಲೆಯೆತ್ತುತ್ತವೆ. ಶಾಲೆಯ ಕ್ರೀಡಾಕೂಟದ ಅಡೆತಡೆ ಓಟವನ್ನೇ ಅದರೊಳಗೆ ಅಳವಡಿಸಿರುವುದುಂಟು. ತೆವಳಿ ಸಾಗಲು ಸುರಂಗ, ನುಸುಳಲು ಕಂಬಗಳ ಸಾಲು, ಹತ್ತಲು ಗೋಡೆ, ಕೊನೆಗೊಂದು ಜಾರುಬಂಡೆ. ಬಿದ್ದರೂ ಮೊಣಕಾಲು ತರಚದು. ಮಕ್ಕಳಿಗೆ ಅಷ್ಟು ಸಾಕು. ಆದರೆ ಕಲ್ಲುಮಣ್ಣುಗಳಿಲ್ಲದ ಈ ಕೋಟೆ ಎದ್ದು ನಿಲ್ಲುವುದು ಹೇಗೆ, ನಿಂತಲ್ಲಿಯೇ ಉಳಿಯುವುದು ಹೇಗೆ? ಇವೆರಡೂ ಒಂದೇ ಪ್ರಶ್ನೆಯಲ್ಲ.

ಇಂತಹ ಆಟಿಕೆ ಹುಟ್ಟಿದ್ದು 1950ರ ದಶಕದ ಕೊನೆಯಲ್ಲಿ, ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ. ಜಾನ್ ಸ್ಕರ್ಲಾಕ್ ಎಂಬ ಇಂಜಿನಿಯರು ಟೆನಿಸ್ ಅಂಗಳಗಳಿಗೆ ಗಾಳಿ ತುಂಬಿದ ಹೊದಿಕೆಗಳನ್ನು ರೂಪಿಸುತ್ತಿದ್ದರು. ಕೆಲಸಗಾರರು ಅವುಗಳ ಮೇಲೆ ಕುಣಿದು ಸಂತೋಷಪಡುವುದನ್ನು ಕಂಡು ಅದನ್ನೇ ಆಟದ ವಸ್ತುವಾಗಿ ಮಾಡಿದರು.

ಇದರ ತಯಾರಿಕೆಯನ್ನು ಅರಿಯಲು ಉತ್ತರ ಕರ್ನಾಟಕದ ಕೌದಿಯನ್ನು ನೆನೆದರೆ ಸಾಕು. ಕೌದಿಯ ಪದರಗಳನ್ನು ಉದ್ದಕ್ಕೂ ಹಾಕಿದ ಹೊಲಿಗೆ ಹಿಡಿದಿಡುತ್ತದೆ. ಪ್ಲಾಸ್ಟಿಕ್ ಲೇಪಿಸಿದ ಗಟ್ಟಿ ಬಟ್ಟೆಯ ಕೋಟೆಯಲ್ಲಿಯೂ ಎರಡು ಹೊರಪದರಗಳನ್ನು ಒಳಗಿನ ಬಟ್ಟೆಯ ಪಟ್ಟಿಗಳು ಬಿಗಿದು ಕಟ್ಟುತ್ತವೆ. ಅವಿಲ್ಲದಿದ್ದರೆ ಗೋಡೆ ಗೋಡೆಯಾಗದೆ ಚೆಂಡಿನಂತೆ ಉಬ್ಬೀತು. ಹೊಲಿಗೆಯ ರಂಧ್ರಗಳಿಂದ ಗಾಳಿ ಸದಾ ಸೋರುತ್ತಿರುತ್ತದೆ, ಇದು ದೋಷವಲ್ಲ. ಸೋರಿದಷ್ಟನ್ನು ಗಾಳಿಯಂತ್ರ ಎಡೆಬಿಡದೆ ತುಂಬುತ್ತದೆ. ವಿದ್ಯುತ್ತು ನಿಂತರೆ ಕೋಟೆ ಮೆಲ್ಲಗೆ ಕುಸಿಯತೊಡಗುತ್ತದೆ. ಮಕ್ಕಳನ್ನು ಹೊರತರಲು ಒಬ್ಬರು ಸದಾ ಬಾಗಿಲಲ್ಲಿರಬೇಕಾದುದು ಇದರಿಂದಲೇ.

ಒಳಗಿನ ಗಾಳಿ ಕೋಟೆಯನ್ನು ಎಬ್ಬಿಸಿದರೆ, ಹೊರಗಿನ ಗಾಳಿ ಅದನ್ನು ಎತ್ತಿ ಒಯ್ಯಲು ಹವಣಿಸುತ್ತದೆ. ಗಂಟೆಗೆ 38 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 7 ಕಿಲೋಗ್ರಾಂ ಭಾರದಷ್ಟು ಒತ್ತುತ್ತದೆ. 10 ಮೀಟರ್ ಉದ್ದ, 3 ಮೀಟರ್ ಎತ್ತರದ ಗೋಡೆಗೆ ಇದು 200 ಕಿಲೋಗ್ರಾಂ ದಾಟುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. ಯೂರೋಪಿನ ಸುರಕ್ಷಾ ನಿಯಮವು 38 ಕಿಲೋಮೀಟರನ್ನೇ ಮಿತಿಯಾಗಿ ಇರಿಸಿದೆ. ಎಲೆ ತುಂಬಿದ ಚಿಕ್ಕ ಮರಗಳು ತೂಗಾಡತೊಡಗುವ ವೇಗವದು. ಕನಿಷ್ಠ 6 ಕಡೆ ಕಟ್ಟು ಇರಬೇಕು, ಪ್ರತಿಯೊಂದು ಕಟ್ಟೂ ಒಂದೂವರೆ ಕ್ವಿಂಟಲಿಗೂ ಮಿಕ್ಕ ಎಳೆತವನ್ನು ತಾಳಬೇಕು ಎಂದೂ ಆ ನಿಯಮ ಹೇಳುತ್ತದೆ.

ಎಳೆತಕ್ಕೆ ಎದುರಾಗಿ, ಹೊರಕ್ಕೆ ಓರೆಯಾಗಿ ಹೊಡೆದ ಗೂಟ ಸುಲಭವಾಗಿ ಕೀಳದು ಎಂಬುದು ಎತ್ತು ಕಟ್ಟುವ ರೈತನಿಗೆ ಹೊಸ ವಿದ್ಯೆಯೇನಲ್ಲ. ಆದರೆ ಈ ಸೀಮೆಯ ಎರೆಭೂಮಿ ನಂಬಿಕೆಗೆ ಅರ್ಹವಲ್ಲ. ಬೇಸಗೆಯಲ್ಲಿ ಅದು ಬಿರಿಯುತ್ತದೆ, ಮಳೆಯಲ್ಲಿ ಅರಲಾಗುತ್ತದೆ. ಎರಡರಲ್ಲಿಯೂ ಗೂಟದ ಹಿಡಿತ ಸಡಿಲುತ್ತದೆ. ಕಲ್ಲುನೆಲದಲ್ಲಿ ಗೂಟ ಇಳಿಯುವುದೇ ಇಲ್ಲ. ಅಲ್ಲಿ ಮರಳಿನ ಚೀಲಗಳ ಭಾರವನ್ನೇ ಕಟ್ಟಬೇಕು. ಒಂದೆರಡು ಚೀಲವಿಟ್ಟು ಸಮಾಧಾನಪಡುವುದು ಕೇವಲ ಕಣ್ಣೊರಸು.

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿರುವ ಡೆವನ್‌ಪೋರ್ಟ್ ಪಟ್ಟಣದ ಶಾಲೆಯೊಂದರಲ್ಲಿ 2021ರ ಡಿಸೆಂಬರ್ 16ರಂದು ಇಂತಹ ಕೋಟೆಯೊಂದು ಮಕ್ಕಳ ಸಮೇತ ಮೇಲಕ್ಕೆ ಹಾರಿತು. ಆರು ಮಕ್ಕಳು ಅಸುನೀಗಿದರು. ಎಂಟು ಕಟ್ಟುಗಳಲ್ಲಿ ನಾಲ್ಕಕ್ಕೆ ಮಾತ್ರ ಗೂಟ ಹೊಡೆಯಲಾಗಿತ್ತು. ಆದರೂ 2025ರಲ್ಲಿ ನ್ಯಾಯಾಲಯವು ಮುಂಗಾಣಲಾಗದ ಸುಳಿಗಾಳಿಯೇ ದುರಂತಕ್ಕೆ ಕಾರಣವೆಂದು ಕಂಡು, ಕೋಟೆಯನ್ನು ಹೂಡಿದವರನ್ನು ನಿರ್ದೋಷಿಯೆಂದು ಬಿಟ್ಟಿತು.

ಧೂಳೆಬ್ಬಿಸಿ ಸುತ್ತುವ ಸುಳಿಗಾಳಿ ಈ ನಾಲ್ಕೂ ಊರುಗಳ ಬೇಸಗೆಯ ಮಧ್ಯಾಹ್ನಗಳಿಗೆ ಅಪರಿಚಿತವಲ್ಲ. ಶ್ರಾವಣದ ಜಾತ್ರೆಗಳಿಗೆ ಮುಂಗಾರಿನ ಬೀಸುಗಾಳಿ ಬೇರೆ. ಜಾತ್ರೆ ಕೆಲವೇ ದಿನಗಳದು; ಗಳಿಕೆಯೆಲ್ಲ ಆ ದಿನಗಳಲ್ಲೇ ಆಗಬೇಕು. ಟಿಕೆಟಿಗಾಗಿ ಮಕ್ಕಳು ಸಾಲುಗಟ್ಟಿರುವಾಗಲೇ ಮರಗಳು ತೂಗಾಡತೊಡಗಿದರೆ, ಒಳಗಿದ್ದವರನ್ನು ಇಳಿಸಿ, ಯಂತ್ರವನ್ನು ನಿಲ್ಲಿಸಿ, ಕೋಟೆಯನ್ನು ಮಡಚಿಡಬೇಕಾಗುತ್ತದೆ.