ಮೇಯಲು ಬಿಟ್ಟ ಕೋಳಿಗೆ ಹೊಣೆ ಯಾರು?

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಸಾಕು, ನಾಟಿ ಕೋಳಿಗೆ ಊರೆಲ್ಲ ಹಿತ್ತಿಲೇ. ಪಕ್ಕದ ಮನೆಯ ತಿಪ್ಪೆ ಕೆದಕುತ್ತದೆ, ನಿನ್ನೆಯಷ್ಟೇ ನೆಟ್ಟ ಮೆಣಸಿನ ಸಸಿಯನ್ನು ಬುಡಮೇಲು ಮಾಡುತ್ತದೆ, ಹೊತ್ತು ಮುಳುಗುವಾಗ ತಾನಾಗಿ ಮನೆ ಸೇರುತ್ತದೆ. ಒಂದೊಂದು ದಿನ ಸೇರುವುದಿಲ್ಲ. ಆಗ ಬೇಲಿಯ ಎರಡೂ ಕಡೆ ಮಾತು ಶುರು. ‘ಕೂಡಿಹಾಕೋಕೆ ಆಗದಿದ್ದರೆ ಯಾಕೆ ಸಾಕ್ತೀರಿ?’ ಎಂದು ಆ ಕಡೆಯವರು; ‘ಮೂಕಪ್ರಾಣಿ ಮೇಲೆ ಕೈ ಮಾಡೋಕೆ ನೀವ್ಯಾರು?’ ಎಂದು ಈ ಕಡೆಯವರು. ಕಾನೂನಿನಲ್ಲಿ ಇಬ್ಬರ ಪ್ರಶ್ನೆಗೂ ಉತ್ತರವಿದೆ. ಕೋಳಿಯನ್ನು ಮೇಯಲು ಬಿಟ್ಟ ಮಾತ್ರಕ್ಕೆ ಸಾಕಿದವರ ಹಕ್ಕು ಹೋಗುವುದಿಲ್ಲ, ಹೊಣೆಯೂ ಕಳೆಯುವುದಿಲ್ಲ.

ಗೂಡು ಕಟ್ಟುವುದು ಕರ್ತವ್ಯ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಲೆಕ್ಕದಲ್ಲಿ ಮನುಷ್ಯನನ್ನು ಬಿಟ್ಟು ಉಳಿದ ಜೀವಿಗಳೆಲ್ಲ ಪ್ರಾಣಿಗಳೇ. ಕೋಳಿಯೂ ಅದರಲ್ಲಿ ಬಂತು. ಪ್ರಾಣಿಯನ್ನು ನೋಡಿಕೊಳ್ಳುವವರು ಅದರ ಕ್ಷೇಮಕ್ಕೆ ಬೇಕಾದ ಕ್ರಮ ಕೈಗೊಳ್ಳಬೇಕು, ಅನಗತ್ಯ ನೋವು ತಪ್ಪಿಸಬೇಕು ಎಂದು ಕಲಂ 3 ಹೇಳುತ್ತದೆ. ಸಾಕಷ್ಟು ಮೇವು, ನೀರು, ಆಸರೆ ಕೊಡದಿರುವುದು ಕಲಂ 11ರ ಪ್ರಕಾರ ಅಪರಾಧ. ಮಿಸುಕಾಡಲೂ ಜಾಗವಿಲ್ಲದ ಪಂಜರದಲ್ಲಿ ತುಂಬುವುದು, ನೋವಾಗುವಂತೆ ಸಾಗಿಸುವುದು, ಹಸಿವಿಗೆ ಬಿಟ್ಟು ಊರು ಬಿಡುವುದು ಇವೂ ಅದೇ ಪಟ್ಟಿಯಲ್ಲಿವೆ.

ಇಲ್ಲಿ ‘ಮಾಲೀಕ’ ಎಂದರೆ ಸಂತೆಯಲ್ಲಿ ದುಡ್ಡು ಕೊಟ್ಟು ತಂದವರು ಮಾತ್ರವಲ್ಲ. ಆ ಹೊತ್ತಿಗೆ ಕೋಳಿ ಯಾರ ಸುಪರ್ದಿನಲ್ಲಿದೆಯೋ ಅವರೂ ಮಾಲೀಕರೇ. ಹಬ್ಬಕ್ಕೆ ತವರಿಗೆ ಹೊರಟವರು ‘ಒಂದು ವಾರ ನೋಡಿಕೊಳ್ಳಿ’ ಎಂದು ಪಕ್ಕದವರಿಗೆ ಒಪ್ಪಿಸಿದರೆ, ಆ ವಾರದ ಹೊಣೆ ಒಪ್ಪಿಕೊಂಡವರ ಮೇಲೂ ಬೀಳುತ್ತದೆ.

ಗೂಡು ಇಷ್ಟೇ ಅಳತೆ ಇರಬೇಕೆಂದು ಕಾಯ್ದೆ ಹಿತ್ತಿಲ ಕೋಳಿಗೆ ಹೇಳಿಲ್ಲ. ರಾತ್ರಿ ತಂಗಲು ಕೋಳಿಗೊಂದು ಚದರಡಿ ಜಾಗ, ನೆಲದಿಂದ ಮೇಲೆ ಕಟ್ಟಿದ ಅಟ್ಟಣೆ, ಮುಂಗುಸಿ ನುಸುಳದಷ್ಟು ಸಣ್ಣ ಕಣ್ಣಿನ ಜಾಲರಿ, ಒಳಗಿನಿಂದ ತಳ್ಳಿದರೆ ತೆರೆಯದ ಚಿಲಕ ಇದ್ದರೆ ಗೂಡು ಗೂಡೆನಿಸಿಕೊಳ್ಳುತ್ತದೆ.

ಶಿಕ್ಷೆ ಮಾತ್ರ ನಗು ಬರಿಸುವಷ್ಟು ಕಡಿಮೆ. ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದರೂ ಈ ಕಲಮುಗಳಿಗೆ ತೂಕವಿದೆ. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹಸಿವು, ಭಯ, ನೋವುಗಳಿಂದ ಮುಕ್ತವಾಗಿರುವುದನ್ನು ಪ್ರಾಣಿಯ ಹಕ್ಕೆಂದು ಇವೇ ಕಲಂ 3 ಮತ್ತು 11ರಲ್ಲಿ ಗುರುತಿಸಿತು. ಕರಾವಳಿಯ ಕೋಳಿ ಅಂಕಕ್ಕೂ ಕಲಂ 11 ಅನ್ವಯಿಸುತ್ತದೆ. 2017ರ ಕರ್ನಾಟಕ ತಿದ್ದುಪಡಿ ವಿನಾಯಿತಿ ಕೊಟ್ಟಿದ್ದು ಕಂಬಳಕ್ಕೆ, ಎತ್ತಿನಗಾಡಿ ಓಟಕ್ಕೆ, ಕೋಳಿ ಕಾಳಗಕ್ಕಲ್ಲ.

ಬೇಲಿ ದಾಟಿದಾಗ

ದನ ಹೊಲಕ್ಕೆ ನುಗ್ಗಿದರೆ ದೊಡ್ಡಿಗೆ ಹೊಡೆದು ದಂಡ ಕಟ್ಟಿಸಿಕೊಳ್ಳುವುದು ಹಳೆಯ ಪದ್ಧತಿ. ಅದಕ್ಕೆ ಆಧಾರವಾದ 1871ರ ಕಾಯ್ದೆ ಆನೆ, ಒಂಟೆಯಿಂದ ಹಿಡಿದು ಹಂದಿ, ಕುರಿ, ಮೇಕೆವರೆಗೆ ಹೆಸರಿಸಿತು. ಕೋಳಿಯ ಹೆಸರು ಅದರಲ್ಲಿಲ್ಲ. ಹಾಗೆಂದು ಸಸಿ ಕಳೆದುಕೊಂಡವರು ನಷ್ಟ ನುಂಗಿಕೊಂಡು ಕೂರಬೇಕಿಲ್ಲ. ಹಾಳಾದ ಮಡಿಯ ಫೋಟೊ ತೆಗೆದು, ದಿನಾಂಕ ಹಾಕಿ, ಕೋಳಿ ಸಾಕಿದವರಿಗೆ ಬರವಣಿಗೆಯಲ್ಲಿ ತಿಳಿಸಬಹುದು. ಅದಕ್ಕೂ ಜಗ್ಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು, ಕೇಸು ದಾಖಲಾಗುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಬಹುದು. ಅಲ್ಲಿ ಆದ ಒಪ್ಪಂದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಗೂಡಿನ ಗಲೀಜಿನಿಂದ ಇಡೀ ಬೀದಿಗೇ ತೊಂದರೆಯಾಗಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಡಿ ತಹಶೀಲ್ದಾರರ ಮುಂದೆ ಹೋಗಲು ದಾರಿಯಿದೆ.

ಕಾಳಿಗೆ ವಿಷ ಬೆರೆಸಿ ಬೇಲಿ ಪಕ್ಕ ಚೆಲ್ಲುವ ದಾರಿ ಮಾತ್ರ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 325ರ ಪ್ರಕಾರ ಯಾವುದೇ ಪ್ರಾಣಿಯನ್ನು ಕೆಡುಕಿನ ಉದ್ದೇಶದಿಂದ ಕೊಂದರೆ, ವಿಷವಿಕ್ಕಿದರೆ, ಊನ ಮಾಡಿದರೆ ಐದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಹಳೆಯ ದಂಡ ಸಂಹಿತೆ ಹತ್ತು ರೂಪಾಯಿ, ಐವತ್ತು ರೂಪಾಯಿ ಎಂದು ಪ್ರಾಣಿಯ ಬೆಲೆ ಕೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಸಂಹಿತೆ ಬೆಲೆ ಕೇಳುವುದಿಲ್ಲ. ಇದು ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದಾದ ಅಪರಾಧ. ಕೋಳಿ ಹಿಡಿಯುವ ಬೀದಿನಾಯಿಗೆ ವಿಷವಿಟ್ಟರೂ ಇದೇ ಕಲಂ.

ಕದ್ದರೆ ಲೆಕ್ಕ ಬೇರೆ. ಸಂಜೆ ಮನೆಗೆ ಮರಳುವ ಕೋಳಿ ಬೀದಿಯಲ್ಲಿದ್ದರೂ ಸಾಕಿದವರ ಸ್ವಾಧೀನದಲ್ಲೇ ಇದ್ದಂತೆ. ಹಿಡಿದು ಸಾರು ಮಾಡಿದರೆ ಕಳ್ಳತನ. ಆದರೆ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ತಪ್ಪು ಮಾಡಿದವರು ಮಾಲನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಇಂಥ ದೂರನ್ನು ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಎಂದು ಬರೆದುಕೊಳ್ಳುತ್ತಾರೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ನಡೆಯದು. ಮನೆಯೊಳಗಿಂದ ಅಥವಾ ಸ್ವತ್ತು ಇಡುವ ಕಟ್ಟಡದಿಂದ ಕದ್ದರೆ ನ್ಯಾಯ ಸಂಹಿತೆಯ ಕಲಂ 305 ಬರುತ್ತದೆ, ಶಿಕ್ಷೆ ಏಳು ವರ್ಷದವರೆಗೆ ಏರುತ್ತದೆ. ರಾತ್ರಿ ಕೋಳಿಯನ್ನು ಒಳಗೆ ಕೂಡಿ ಬೀಗ ಹಾಕುವುದರಿಂದ ಕಾನೂನಿನಲ್ಲೂ ಲಾಭವಿದೆ.

ಚಿರತೆ, ಹೆಬ್ಬಾವು ಗೂಡಿಗೆ ಬಂದರೆ ಉರುಳು ಹಾಕುವಂತಿಲ್ಲ. ಇವೆರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಉರುಳು, ವಿಷ ಎರಡನ್ನೂ ಆ ಕಾಯ್ದೆ ಬೇಟೆ ಎಂದೇ ಎಣಿಸುತ್ತದೆ. ಕರೆಯಬೇಕಾದ್ದು ಅರಣ್ಯ ಇಲಾಖೆಯನ್ನು.

ಕೋಳಿ ತೂಕಡಿಸಿದರೆ

2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಊರಿನ ಮನೆಮನೆಯ ಕೋಳಿಗಳನ್ನು ಕೊಲ್ಲಬೇಕಾಯಿತು. ಬಿಟ್ಟು ಸಾಕಿದ ಕೋಳಿ ಒಂದು ಮನೆಯ ರೋಗವನ್ನು ಇನ್ನೊಂದು ಮನೆಗೆ ಸುಲಭವಾಗಿ ಮುಟ್ಟಿಸುತ್ತದೆ. ಆದ್ದರಿಂದಲೇ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆ, ಹಕ್ಕಿಜ್ವರ, ಕೊಕ್ಕರೆ ರೋಗದಂಥ ಪಟ್ಟಿಮಾಡಿದ ಕಾಯಿಲೆಯ ಅನುಮಾನ ಬಂದ ಕೂಡಲೇ ಗ್ರಾಮ ಪಂಚಾಯಿತಿಗೆ ತಿಳಿಸುವ ಹೊಣೆಯನ್ನು ಸಾಕಿದವರ ಮೇಲೆ ಹೊರಿಸಿದೆ. ರೋಗ ಬಂದ ಕೋಳಿಯನ್ನು ಬೇರೆ ಕೂಡಬೇಕು. ತರಾತುರಿಯಲ್ಲಿ ಸಂತೆಗೆ ಒಯ್ದು ಮಾರುವಂತಿಲ್ಲ. ಹಕ್ಕಿಜ್ವರದಲ್ಲಿ ಪರಿಹಾರ ಸಿಗುವುದು ಸರ್ಕಾರವೇ ಕೊಲ್ಲಿಸಿದ ಕೋಳಿಗಳಿಗೆ, ಅದಕ್ಕೆ ಮೊದಲು ಸತ್ತವಕ್ಕಲ್ಲ. ಮುಚ್ಚಿಟ್ಟವರಿಗೆ ಆ ಲೆಕ್ಕದಲ್ಲೂ ನಷ್ಟ.

ದೂರು ಕೊಡುವ ಬಗೆ

ಕೋಳಿ ಅನುಮಾನಾಸ್ಪದವಾಗಿ ಸತ್ತರೆ ಹೂಳುವ ಆತುರ ಬೇಡ. ಬಿದ್ದ ಜಾಗದಲ್ಲೇ ಫೋಟೊ ತೆಗೆಯಬೇಕು. ಬಣ್ಣ ಹತ್ತಿದ ಕಾಳು ಸುತ್ತ ಚೆಲ್ಲಿದ್ದರೆ ಬರಿಗೈಯಲ್ಲಿ ಮುಟ್ಟದೆ ಕಾಗದದ ಪೊಟ್ಟಣಕ್ಕೆ ಹಾಕಿ, ನೋಡಿದವರ ಸಹಿ ಪಡೆಯಬೇಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸಿ ವರದಿ ಕೇಳಬೇಕು. ಎದೆಚೀಲದಲ್ಲಿ ಉಳಿದ ಕಾಳು ವಿಷದ ಪತ್ತೆಗೆ ಮುಖ್ಯ ಸಾಕ್ಷ್ಯ. ತನ್ನದೇ ಕೋಳಿ ಎಂದು ತೋರಿಸಲು ಕಾಲಿಗೆ ಕಟ್ಟಿದ ಬಣ್ಣದ ದಾರ, ಮೊಬೈಲಿನ ಹಳೆಯ ಫೋಟೊ ನೆರವಿಗೆ ಬರುತ್ತವೆ.

ದೂರಿನಲ್ಲಿ ದಿನ, ಹೊತ್ತು, ಸ್ಥಳ, ಕೋಳಿಯ ಬಣ್ಣ, ಅಂದಾಜು ಬೆಲೆ, ಕಂಡವರ ಹೆಸರು ಇರಲಿ. ಎಫ್‌ಐಆರ್ ಪ್ರತಿ ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಠಾಣೆಯವರು ಬರೆದುಕೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಡಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಮೊಕದ್ದಮೆ ಹೂಡಲು ಘಟನೆ ನಡೆದ ದಿನದಿಂದ ಮೂರೇ ತಿಂಗಳ ಗಡುವಿದೆ. ವಕೀಲರ ಫೀಸಿಗೆ ಹಣವಿಲ್ಲದವರು 15100ಕ್ಕೆ ಕರೆ ಮಾಡಿ ಉಚಿತ ಕಾನೂನು ನೆರವು ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಇದಕ್ಕೆ ಆದಾಯ ಪ್ರಮಾಣಪತ್ರ ತೋರಿಸಬೇಕಿಲ್ಲ.