ರಿಪೋರ್ಟ್ ನಾರ್ಮಲ್, ಹೊಟ್ಟೆನೋವೂ ನಿಜ

ಎಂಡೋಸ್ಕೋಪಿ ಆಯಿತು, ಸ್ಕ್ಯಾನಿಂಗ್ ಆಯಿತು, ಎಲ್ಲವೂ ನಾರ್ಮಲ್. ಆದರೂ ಹೊಟ್ಟೆಯುಬ್ಬರ, ನುಲಿತ, ಮಲಬದ್ಧತೆ ಬಿಟ್ಟಿಲ್ಲ. ‘ಎಲ್ಲ ನಿನ್ನ ಭ್ರಮೆ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಕರುಳಿನಲ್ಲಿ ಹುಣ್ಣು, ಗಡ್ಡೆ ಇಲ್ಲದೆಯೂ ಅದರ ಚಲನೆ, ಸಂವೇದನೆ, ಮಿದುಳಿನೊಂದಿಗಿನ ಸಂಪರ್ಕ ಏರುಪೇರಾಗಬಹುದು. ಜೀರ್ಣಾಂಗ ತಜ್ಞರ ಬಳಿ ಬರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರದು ಇಂಥದೇ ತೊಂದರೆ.

2021ರಲ್ಲಿ ಪ್ರಕಟವಾದ 33 ದೇಶಗಳ ಸಮೀಕ್ಷೆಯಲ್ಲಿ ಭಾರತವೂ ಇತ್ತು. ಅಂತರ್ಜಾಲದಲ್ಲಿ ಉತ್ತರಿಸಿದವರಲ್ಲಿ ಶೇ 40ರಷ್ಟು ಮಂದಿಗೆ ಇಂಥ ಒಂದಾದರೂ ತೊಂದರೆಯಿತ್ತು. ಮನೆಮನೆಗೆ ಹೋಗಿ ಕೇಳಿದಲ್ಲಿ ಈ ಪ್ರಮಾಣ ಅರ್ಧದಷ್ಟೇ. ಶೌಚದ ಮಾತನ್ನು ಎದುರಿಗೆ ಕುಳಿತವರಿಗೆ ಹೇಳಲು ನಮಗಿರುವ ಸಂಕೋಚವೂ ಇದಕ್ಕೆ ಕಾರಣವಿರಬಹುದು. ವೈದ್ಯರ ಮುಂದಾದರೂ ಆ ಸಂಕೋಚ ಬೇಡ.

ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಅದೇ ಸ್ಕ್ಯಾನಿಂಗ್ ಮತ್ತೆ ಮಾಡಿಸಬೇಡಿ. ಊಟ, ನಿದ್ದೆ, ನೋವಿನ ಹೊತ್ತು ಬರೆದಿಟ್ಟು ಒಬ್ಬರೇ ವೈದ್ಯರಿಗೆ ತೋರಿಸಿ. ಅವರು ಖಿನ್ನತೆಯ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಗಾಬರಿಯಾಗಬೇಡಿ. ಅದು ಕರುಳಿನ ನೋವಿನ ಸಂವೇದನೆಯನ್ನೂ ತಗ್ಗಿಸುತ್ತದೆ. ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನುಂಗಲು ಕಷ್ಟ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ ಇದ್ದರೆ ಕಾಯದೆ ತಜ್ಞರನ್ನು ಕಾಣಿ.